‘ಎಂದು’ ಇರುವಾಗ ಕೋಟ್ ಯಾಕೆ?

ರಾಜಪ್ಪ ನಾನು ಕಳ್ಳ ಅಂದ.

ನಾಲ್ಕೇ ಪದ, ಅರ್ಥ ಎರಡು. ರಾಜಪ್ಪ ತನ್ನ ಕಳ್ಳತನ ಒಪ್ಪಿಕೊಂಡ ಎಂಬುದು ಒಂದು. ಈ ವಾಕ್ಯ ಬರೆದ ನನ್ನ ಮೇಲೇ ಕಳ್ಳತನ ಹೊರಿಸಿದ ಎಂಬುದು ಇನ್ನೊಂದು. ಜಗಲಿಯಲ್ಲಿ ಕೂತು ಹೇಳುವಾಗ ಈ ತೊಡಕು ಏಳುವುದೇ ಇಲ್ಲ. ‘ರಾಜಪ್ಪ’ ಆದಮೇಲೆ ಒಂದು ತಡೆ, ದನಿಯಲ್ಲಿ ಒಂದು ಏರಿಳಿತ, ಸಾಕು. ಕಾಗದದ ಮೇಲೆ ಆ ತಡೆಯ ಜಾಗಕ್ಕೆ ಬಂದು ಕೂತಿರುವುದು ಉದ್ಧರಣ ಚಿಹ್ನೆ: ರಾಜಪ್ಪ “ನಾನು ಕಳ್ಳ” ಅಂದ. ಈಗ ಕಳ್ಳತನ ರಾಜಪ್ಪನದೇ.

ಇಷ್ಟಕ್ಕೇ ಮುಗಿಯುವುದಾದರೆ ವಾದಕ್ಕೆ ಜಾಗವಿಲ್ಲ. ಆದರೆ ಇನ್ನೊಬ್ಬರ ಮಾತನ್ನು ಗುರುತಿಸಲು ಕನ್ನಡಕ್ಕೆ ತನ್ನದೇ ಪದವಿದೆ. ಬರಹದಲ್ಲಿ ‘ಎಂದು’, ‘ಎಂದ’. ಆಡುಮಾತಿನಲ್ಲಿ ‘ಅಂತ’, ‘ಅಂದ’. ಅವರ ಮಾತು ಇಲ್ಲಿಗೆ ಮುಗಿಯಿತು, ಇನ್ನು ಮುಂದೆ ನನ್ನದು ಎಂದು ತಿಳಿಸುವುದೇ ಇದರ ಕಸುಬು. ಹೀಗಿರುವಾಗ ಇಂಗ್ಲಿಷ್ ಅಚ್ಚಿನಿಂದ ಬಂದ ಚಿಹ್ನೆ ಎಷ್ಟು ಬೇಕು? ಒಂಟಿಯೋ ಜೋಡಿಯೋ? ಪೂರ್ಣವಿರಾಮ ಅದರ ಒಳಗೋ ಹೊರಗೋ? ಕರಡು ತಿದ್ದುವವರ ಮೇಜಿನ ಮೇಲೆ ಇವು ದಿನವೂ ಬಂದು ಬೀಳುವ ಪ್ರಶ್ನೆಗಳು. ಮೇಲ್ನೋಟಕ್ಕೆ ಅಚ್ಚುಮನೆಯ ಸಣ್ಣ ತಕರಾರು. ಕೆದಕುತ್ತ ಹೋದರೆ, ಪರರ ಮಾತನ್ನು ಕನ್ನಡ ಹೇಗೆ ಹಿಡಿದಿಡುತ್ತದೆ ಎಂಬಲ್ಲಿಗೆ ಮುಟ್ಟುತ್ತದೆ.

ಪಾಠ ಹೇಳುವುದು, ಪತ್ರಿಕೆ ಮಾಡುವುದು

ಹೈಸ್ಕೂಲಿನ ವ್ಯಾಕರಣ ಓದಿದವರಿಗೆಲ್ಲ ‘ಲೇಖನ ಚಿಹ್ನೆಗಳು’ ಎಂಬ ಪಾಠ ನೆನಪಿರುತ್ತದೆ. ಅದರಲ್ಲಿ ಎರಡು ಬೇರೆ ಬೇರೆ ಚಿಹ್ನೆಗಳನ್ನು ಹೇಳಿಕೊಡುತ್ತಾರೆ. ಒಬ್ಬರು ಆಡಿದ ಮಾತನ್ನು ಇದ್ದಹಾಗೇ ಕೊಡುವಾಗ ಉದ್ಧರಣ ಚಿಹ್ನೆ, ಅಂದರೆ ಜೋಡಿ ಗುರುತು. ಪಾರಿಭಾಷಿಕ ಪದ, ಅನ್ಯಭಾಷೆಯ ಪದ, ಒತ್ತುಕೊಡಬೇಕಾದ ಪದ ಇವುಗಳಿಗೆ ವಾಕ್ಯವೇಷ್ಟನ ಚಿಹ್ನೆ, ಅಂದರೆ ಒಂಟಿ ಗುರುತು. ‘ವಾಕ್ಯವೇಷ್ಟನ’ ಎಂಬ ಹೆಸರು ಪರೀಕ್ಷೆ ಮುಗಿದ ಮರುದಿನವೇ ಮರೆತುಹೋಗುವಂಥದ್ದು, ನಿಜ. ಆದರೆ ವಿಂಗಡಣೆ ಸೊಗಸಾದದ್ದು. ಜೋಡಿ ಕಂಡರೆ ಯಾರೋ ಮಾತಾಡಿದರು. ಒಂಟಿ ಕಂಡರೆ ಲೇಖಕ ಒಂದು ಪದದತ್ತ ಬೆರಳು ತೋರಿಸುತ್ತಿದ್ದಾನೆ.

ಪತ್ರಿಕೆಗಳು ಈ ವಿಂಗಡಣೆಯನ್ನು ಅಷ್ಟಾಗಿ ಉಳಿಸಿಕೊಂಡಿಲ್ಲ. ಸುದ್ದಿಮನೆಯಲ್ಲಿ ‘ಕೋಟ್ ಹಾಕು’ ಎಂದರೆ ಹಲವು ಕಡೆ ಒಂಟಿ ಗುರುತೇ. ಮಂತ್ರಿಯ ಹೇಳಿಕೆಗೂ ಅದೇ, ಸಿನಿಮಾ ಹೆಸರಿಗೂ ಅದೇ, ತಲೆಬರಹದಲ್ಲಿ ಶ್ಲೇಷೆ ಮಾಡಿದಾಗ ‘ಗಮನಿಸಿ’ ಎಂದು ಮೊಣಕೈ ತಿವಿಯುವುದಕ್ಕೂ ಅದೇ. ಪರಿಣಾಮವೆಂದರೆ ಹೇಳಿಕೆ ಮತ್ತು ವ್ಯಂಗ್ಯ ಒಂದೇ ಅಂಗಿ ತೊಟ್ಟು ಓಡಾಡುತ್ತವೆ. ‘ಅಭಿವೃದ್ಧಿ’ಗೆ ಹಣ ಬಿಡುಗಡೆ ಎಂಬ ತಲೆಬರಹ ಓದಿದವನಿಗೆ, ಅಭಿವೃದ್ಧಿ ಎಂಬುದು ಮಂತ್ರಿಯ ಪದವೋ, ಅದು ಅಭಿವೃದ್ಧಿಯೇ ಅಲ್ಲ ಎನ್ನುವ ಪತ್ರಿಕೆಯ ಕೊಂಕೋ, ಹೇಳಲು ಬರುವುದಿಲ್ಲ. ಇಲ್ಲಿ ಶಾಲೆಯ ಪಾಠದ ಪಕ್ಷವೇ ನನ್ನದು.

ತಲೆಬರಹಗಳು ಇನ್ನೊಂದು ಉಪಾಯವನ್ನೂ ಕಂಡುಕೊಂಡಿವೆ. ಹೇಳಿಕೆ ಮೊದಲು, ಆಮೇಲೆ ಎರಡು ಚುಕ್ಕೆ, ಕೊನೆಗೆ ಹೇಳಿದವರ ಹೆಸರು: ಬೆಳೆ ಹಾನಿಗೆ ಶೀಘ್ರ ಪರಿಹಾರ: ಸಿಎಂ. ಕೋಟೂ ಇಲ್ಲ, ‘ಎಂದು’ವೂ ಇಲ್ಲ, ಆದರೂ ಯಾರಿಗೂ ತಪ್ಪು ತಿಳಿಯುವುದಿಲ್ಲ. ನಾಟಕದ ಪುಸ್ತಕದಲ್ಲಿ ಹೆಸರು ಮೊದಲು, ಚುಕ್ಕೆ ಆಮೇಲೆ, ಮಾತು ಕೊನೆಗೆ. ಪತ್ರಿಕೆ ಅದನ್ನು ತಲೆಕೆಳಗು ಮಾಡಿತು, ಕನ್ನಡದ ಕಿವಿ ಅದನ್ನು ಸಲೀಸಾಗಿ ಒಪ್ಪಿತು. ಮಾತು ಮೊದಲು, ಮಾತಾಡಿದವರ ಗುರುತು ಕೊನೆಗೆ ಎಂಬ ಕ್ರಮ ನಮಗೆ ಹಳೆಯದು. ಆ ವಿಷಯ ಮುಂದೆ.

ಚಿಹ್ನೆ ಬಂದ ದಾರಿ

ಈ ಚಿಹ್ನೆ ಹುಟ್ಟಿದಾಗ ಅದಕ್ಕೂ ಸಂಭಾಷಣೆಗೂ ಸಂಬಂಧವಿರಲಿಲ್ಲ. ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ವಿದ್ವಾಂಸ ಅರಿಸ್ಟಾರ್ಕಸ್ ಹೋಮರನ ಪಠ್ಯದಲ್ಲಿ ಗಮನಿಸಬೇಕಾದ ಸಾಲುಗಳ ಪಕ್ಕ, ಅಂಚಿನಲ್ಲಿ, ಬಾಣದ ಮೊನೆಯಂಥ ಒಂದು ಗುರುತು ಹಾಕುತ್ತಿದ್ದ. ಡಿಪ್ಲೆ ಎಂದು ಅದರ ಹೆಸರು. ಮುಂದೆ ಕ್ರೈಸ್ತ ಲಿಪಿಕಾರರು ಬೈಬಲ್ಲಿನಿಂದ ಎತ್ತಿಕೊಂಡ ಸಾಲುಗಳ ಪಕ್ಕ ಅದನ್ನೇ ಬಳಸಿದರು. ಅಚ್ಚು ಬಂದಾಗ ಅದು ಅಲ್ಪವಿರಾಮದ ರೂಪ ತಾಳಿತು, ಆದರೂ ಅಂಚಿನಲ್ಲೇ ಉಳಿಯಿತು. 1603ರ ಹ್ಯಾಮ್ಲೆಟ್ ಮೊದಲ ಕ್ವಾರ್ಟೊದಲ್ಲಿ ಮಂತ್ರಿ ತನ್ನ ಮಗನಿಗೆ ಹೇಳುವ ಬುದ್ಧಿಮಾತುಗಳ ಪಕ್ಕದಲ್ಲಿ ಇಂಥ ಅಲ್ಪವಿರಾಮಗಳು ಸಾಲಾಗಿ ನಿಂತಿವೆ. ನಾಟಕದಲ್ಲಿ ಎಲ್ಲರೂ ಮಾತಾಡುವವರೇ. ಆದ್ದರಿಂದ ಅಲ್ಲಿ ಆ ಗುರುತಿನ ಅರ್ಥ, ಇದು ಬರೆದಿಟ್ಟುಕೊಳ್ಳಬೇಕಾದ ಸೂಕ್ತಿ ಎಂದು. ನಮ್ಮ ವಾಕ್ಯವೇಷ್ಟನಕ್ಕೆ ಹತ್ತಿರದ ಕೆಲಸ.

ಅಂಚಿನಿಂದ ಸಾಲಿನೊಳಕ್ಕೆ ಬಂದು ಮಾತಿನ ಗುರುತಾಗಿ ಅದು ನೆಲೆಯಾದದ್ದು 18ನೇ ಶತಮಾನದ ಇಂಗ್ಲಿಷ್ ಕಾದಂಬರಿಗಳ ಕಾಲದಲ್ಲಿ. ಸ್ಯಾಮ್ಯುಯಲ್ ರಿಚರ್ಡ್‌ಸನ್ನನ ‘ಕ್ಲಾರಿಸ್ಸಾ’ 1748ರಲ್ಲಿ ಮುಗಿಯಿತು. ಪಾತ್ರಗಳ ಬಾಯಿಂದ ಬಂದ ಮಾತನ್ನು ಇದ್ದಹಾಗೇ ಕೊಡುತ್ತಿದ್ದೇನೆ ಎಂದು ನಂಬಿಸುವ ಕಥನಕ್ಕೆ ಇಂಥದೊಂದು ಬೇಲಿ ಬೇಕಾಯಿತು. ಬೇರೆ ಭಾಷೆಗಳು ಬೇರೆ ದಾರಿ ಹಿಡಿದವು. ಫ್ರೆಂಚರು ಜೋಡಿ ಕೋನಗಳನ್ನೂ, ಸಂಭಾಷಣೆಯಲ್ಲಿ ಮಾತು ಬದಲಾದಾಗ ಉದ್ದಗೆರೆಯನ್ನೂ ಬಳಸುತ್ತಾರೆ. ಜರ್ಮನರದು ಕೆಳಗೆ ಶುರುವಾಗಿ ಮೇಲೆ ಮುಗಿಯುವ ಗುರುತು.

ಇಂಗ್ಲಿಷಿನೊಳಗೇ ಜಗಳ ಮುಗಿದಿಲ್ಲ. ಅಮೆರಿಕದವರಿಗೆ ಜೋಡಿ ಮೊದಲು, ಮಾತಿನೊಳಗಿನ ಮಾತಿಗೆ ಒಂಟಿ. ಬ್ರಿಟಿಷ್ ಪುಸ್ತಕಗಳಲ್ಲಿ ಬಹುಮಟ್ಟಿಗೆ ಇದರ ತಿರುವುಮುರುವು. ಅಮೆರಿಕದವರು ಅಲ್ಪವಿರಾಮ, ಪೂರ್ಣವಿರಾಮಗಳನ್ನು ಯಾವಾಗಲೂ ಕೋಟಿನ ಒಳಗೇ ಇಡುತ್ತಾರೆ. ಬ್ರಿಟಿಷ್ ಪದ್ಧತಿ ಆ ವಿರಾಮ ಯಾರದು ಎಂದು ಕೇಳುತ್ತದೆ: ಮಾತಾಡಿದವನದಾದರೆ ಒಳಗೆ, ಬರೆದವನದಾದರೆ ಹೊರಗೆ. ಫೌಲರ್ ಸೋದರರು 1906ರ ‘ದಿ ಕಿಂಗ್ಸ್ ಇಂಗ್ಲಿಷ್’ನಲ್ಲಿ ಈ ತರ್ಕದ ಪರವಾಗಿ ವಾದಿಸಿದ್ದರು. ಹಾಗಾಗಿ ‘ಇಂಗ್ಲಿಷಿನ ಸರಿಯಾದ ನಿಯಮ’ವನ್ನು ಕನ್ನಡಕ್ಕೆ ತರೋಣ ಎನ್ನುವವರು ಮೊದಲು ಯಾವ ಇಂಗ್ಲಿಷು ಎಂದು ಹೇಳಬೇಕಾಗುತ್ತದೆ.

ಚಿಹ್ನೆಯಿಲ್ಲದ ಸಾವಿರ ವರ್ಷ

ತಾಳೆಗರಿಯಲ್ಲಿ ಪದಗಳ ನಡುವೆ ಜಾಗವೇ ಇರಲಿಲ್ಲ. ಪದ್ಯದ ಕೊನೆಗೆ ಒಂದೋ ಎರಡೋ ನಿಂತಗೆರೆ, ಅಷ್ಟೇ ವಿರಾಮ. ಆದರೂ 941ರ ಪಂಪ ಭಾರತದಲ್ಲಿ ಕರ್ಣನ ಮಾತು ಯಾವುದು, ದುರ್ಯೋಧನನ ಮಾತು ಯಾವುದು ಎಂದು ಓದುಗರು ತಬ್ಬಿಬ್ಬಾಗಲಿಲ್ಲ. ‘ಎನೆ’, ‘ಎಂದೊಡೆ’, ‘ಎಂಬುದುಂ’, ‘ಎಂದು ನುಡಿದಂ’ ಎಂಬ ರೂಪಗಳು ಪ್ರತಿ ಮಾತಿನ ತುದಿಯನ್ನೂ ಕಟ್ಟುತ್ತಿದ್ದವು. ‘ಎನೆ’ಯ ಜಾಣತನವನ್ನಂತೂ ನೋಡಬೇಕು. ಒಬ್ಬನ ಮಾತನ್ನು ಮುಗಿಸುತ್ತಲೇ ಇನ್ನೊಬ್ಬನ ಉತ್ತರಕ್ಕೆ ಅದು ದಾರಿ ಬಿಡುತ್ತದೆ: ಹೀಗೆ ಇವನು ಹೇಳಲಾಗಿ, ಅವನು... ಎಂದು ಎರಡು ಮಾತುಗಳನ್ನು ಒಂದೇ ವಾಕ್ಯದಲ್ಲಿ ಬೆಸೆಯುತ್ತದೆ. ಇಂದಿನ ಕಾದಂಬರಿಕಾರ ಇದಕ್ಕೆ ಎರಡು ಪ್ಯಾರಾ ಖರ್ಚು ಮಾಡುತ್ತಾನೆ.

ಮುಗಿಯುವುದಕ್ಕೆ ಗುರುತಿತ್ತು, ಸರಿ. ಶುರುವಾಗುವುದಕ್ಕೆ? ಅದಕ್ಕೆ ಇಷ್ಟು ಗಟ್ಟಿಯಾದ, ಪ್ರತಿ ಮಾತಿಗೂ ಕಡ್ಡಾಯವಾದ ಗುರುತು ಕನ್ನಡದಲ್ಲಿ ಇರಲಿಲ್ಲ, ಈಗಲೂ ಇಲ್ಲ. ಬದಲಿಗೆ ಬಗೆಬಗೆಯ ಉಪಾಯಗಳಿದ್ದವು. ‘ಇಂತೆಂದಂ’ ಎಂದು ಮೊದಲೇ ಸಾರುವುದು ಒಂದು. ಎದುರಿಗಿರುವವನನ್ನು ಕೂಗಿ ಮಾತು ಶುರುಮಾಡುವುದು ಇನ್ನೊಂದು: ‘ಎಲೆ’, ‘ಮಗನೆ’, ‘ಅರಸ’ ಎಂಬ ಸಂಬೋಧನೆ ಕಿವಿಗೆ ಬಿದ್ದ ಕೂಡಲೇ ದನಿ ಬದಲಾಯಿತು ಎಂದು ಗೊತ್ತಾಗುತ್ತದೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಗಳಲ್ಲಿ ಎಷ್ಟೋ ಮಾತುಗಳು ಸಂಬೋಧನೆಯಿಂದ ತೆರೆದು ಪದ್ಯದ ತುದಿಯ ‘ಎಂದ’ದಲ್ಲಿ ಮುಚ್ಚಿಕೊಳ್ಳುತ್ತವೆ, ಗಮಕಿಯ ದನಿಗೆ ಹೇಳಿಮಾಡಿಸಿದ ವ್ಯವಸ್ಥೆ. ಸಂಸ್ಕೃತದ ಭಗವದ್ಗೀತೆಯಲ್ಲಿ ಛಂದಸ್ಸಿನ ಹೊರಗೆ ನಿಲ್ಲುವ ‘ಉವಾಚ’ವೂ ಶುರುವಿನ ಗುರುತೇ. ವಚನಗಳದು ಬೇರೆಯೇ ರೀತಿ. ಮಾತು ಯಾರದು ಎಂಬುದನ್ನು ಕೊನೆಯ ಅಂಕಿತ ಹೇಳುತ್ತದೆ. ಅಲ್ಲಿಯೂ ಒಡೆತನದ ಮುದ್ರೆ ತುದಿಗೇ.

ಕಥೆಯೊಳಗೆ ಕಥೆ ಬಂದಾಗ ಈ ವ್ಯವಸ್ಥೆಯ ಗಟ್ಟಿತನ ಕಾಣುತ್ತದೆ. ಹನ್ನೊಂದನೇ ಶತಮಾನದ ದುರ್ಗಸಿಂಹನ ಪಂಚತಂತ್ರದಲ್ಲಿ ನರಿ ಕಥೆ ಹೇಳುತ್ತದೆ, ಆ ಕಥೆಯೊಳಗಿನ ಪ್ರಾಣಿ ಇನ್ನೊಂದು ಕಥೆ ಹೇಳುತ್ತದೆ. ಇದನ್ನು ಇಂದಿನ ನಿಯಮದಂತೆ ಬರೆದರೆ ಜೋಡಿಯೊಳಗೆ ಒಂಟಿ, ಒಂಟಿಯೊಳಗೆ ಜೋಡಿ ಎಂದು ಸೇರುತ್ತ ಹೋಗಿ ಕೊನೆಯಲ್ಲಿ ಮೂರು ನಾಲ್ಕು ಕೊಕ್ಕೆಗಳು ಗುಂಪಾಗಿ ಜೋತುಬೀಳುತ್ತವೆ. ‘ಎಂದು’ವಾದರೆ ಪ್ರತಿ ಪದರವನ್ನೂ ಅದರದರ ಕ್ರಿಯಾಪದದೊಂದಿಗೆ ಮುಚ್ಚುತ್ತ ಹೊರಗೆ ಬರುತ್ತದೆ.

ಇಂಥ ಮಾತು-ಕೊಂಡಿ ದ್ರಾವಿಡ ಭಾಷೆಗಳಲ್ಲೆಲ್ಲ ಇದೆ: ತಮಿಳಿನ ‘ಎನ್ಱು’, ಮಲಯಾಳದ ‘ಎನ್ನ್’, ತೆಲುಗಿನ ‘ಅನಿ’. ಸಂಸ್ಕೃತದ ‘ಇತಿ’ಯೂ ಮಾತಿನ ತುದಿಯಲ್ಲೇ ನಿಲ್ಲುತ್ತದೆ. ಇದು ದ್ರಾವಿಡದ ಪ್ರಭಾವದಿಂದ ಬಂದದ್ದು ಎಂದು ಭಾಷಾವಿಜ್ಞಾನಿ ಕೈಪರ್ 1967ರಲ್ಲಿ ವಾದಿಸಿದರು. ಆರ್ಯ ಭಾಷೆಯ ಒಳಗಿನಿಂದಲೇ ಇದು ಬೆಳೆದಿರಬಹುದು ಎಂದು ಹಾನ್ಸ್ ಹೆನ್ರಿಕ್ ಹಾಕ್ 1982ರಲ್ಲಿ ಅದನ್ನು ಪ್ರಶ್ನಿಸಿದರು. ಆ ವಾದ ಹೇಗೇ ತೀರಲಿ, ನಮ್ಮ ನೆಲದ ಬರಹ ಚಿಹ್ನೆಯ ಕೆಲಸವನ್ನು ಪದದಿಂದ ಮಾಡಿಸುತ್ತಿತ್ತು ಎಂಬುದಕ್ಕೆ ಎರಡೂ ಕಡೆಯವರ ಒಪ್ಪಿಗೆಯಿದೆ.

ಅಚ್ಚು ತಂದ ಬದಲಾವಣೆ

ಕೆಂಪುನಾರಾಯಣನ ಗದ್ಯಕೃತಿ ಮುದ್ರಾಮಂಜೂಷ 1823ರದು, ಅಂದರೆ ಮಂಗಳೂರಿನ ಅಚ್ಚಿಗಿಂತ ಹಿಂದಿನದು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯ 1841ರಲ್ಲಿ ಶುರುವಾಯಿತು; ಹರ್ಮನ್ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ತಂದರು. ಇಂಗ್ಲಿಷ್, ಜರ್ಮನ್ ಪುಸ್ತಕಗಳ ಪುಟ ಕಂಡ ಕಣ್ಣುಗಳು ಕನ್ನಡದ ಪುಟ ಕಟ್ಟತೊಡಗಿದವು. ಪದಗಳ ನಡುವೆ ಜಾಗ, ಪ್ಯಾರಾ, ಅಲ್ಪವಿರಾಮ, ಪ್ರಶ್ನಾರ್ಥಕ ಎಲ್ಲ ಬಂದದ್ದು ಈ ಹಾದಿಯಲ್ಲಿ. ಶತಮಾನದ ಕೊನೆಯ ಹೊತ್ತಿಗೆ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರನ್ನು ತಂದರು, ಗಳಗನಾಥರು ಮರಾಠಿಯ ಕಡೆಗೆ ಮುಖಮಾಡಿದರು. ಗುಲ್ವಾಡಿ ವೆಂಕಟರಾಯರ ಕಾದಂಬರಿ ‘ಇಂದಿರಾಬಾಯಿ’ 1899ರಲ್ಲಿ ಹೊರಬಂತು.

ಕಾದಂಬರಿ ಬೇಡಿದ್ದು ಬರೀ ಚಿಹ್ನೆಯನ್ನಲ್ಲ, ಹೊಸ ವಾಕ್ಯಕ್ರಮವನ್ನೇ. ಹಳೆಯ ಕ್ರಮದಲ್ಲಿ ‘ಎಂದು’ ಬಿಟ್ಟರೆ ವಾಕ್ಯ ಕುಸಿಯುತ್ತಿತ್ತು. ಚಿಹ್ನೆ ಬಂದಮೇಲೆ ಮೂರು ಹೊಸ ಸಾಧ್ಯತೆ ತೆರೆದವು. ಒಂದು, ಕ್ರಿಯಾಪದ ಮೊದಲೇ ಬಂದು ಮಾತು ಕೊನೆಗೆ ನಿಲ್ಲುವುದು: ಅವಳು ಹೇಳಿದಳು, “ನನಗೆ ಇದು ಇಷ್ಟವಿಲ್ಲ.” ಎರಡು, ಮಾತನ್ನು ನಡುವೆ ಕತ್ತರಿಸುವುದು: “ಬರ್ತೀನಿ,” ಎಂದ ಸೀನ, “ಆದರೆ ಇವತ್ತಲ್ಲ.” ಇಲ್ಲಿ ಎರಡನೇ ತುಂಡಿಗೆ ‘ಎಂದ’ದ ಆಸರೆಯೇ ಇಲ್ಲ, ಪೂರ್ತಿ ಭಾರ ಚಿಹ್ನೆಯ ಮೇಲೆ. ಮೂರು, ಯಾರು ಹೇಳಿದರು ಎನ್ನುವುದನ್ನೇ ಬಿಟ್ಟು ಮಾತಿಗೆ ಮಾತು ಜೋಡಿಸುತ್ತ ಹೋಗುವುದು.

ಮೊದಲನೆಯದು ಇಂದಿಗೂ ನನ್ನ ಕಿವಿಗೆ ಅನುವಾದದ ಹಾಗೆ ಕೇಳುತ್ತದೆ. ಎರಡನೆಯದನ್ನು ಒಳ್ಳೆಯ ಲೇಖಕರು ಮಾತಿನ ನಡುವೆ ನಿಜವಾದ ತಡೆ ಇದ್ದಾಗ ಮಾತ್ರ ಬಳಸುತ್ತಾರೆ. ಮೂರನೆಯದು ಕನ್ನಡ ಗದ್ಯಕ್ಕೆ ಸಿಕ್ಕ ದೊಡ್ಡ ವರ.

ನಿಯಮದವರು

ಈಗಿನ ವಾದಗಳಿಗೆ ಬರೋಣ. ಮೊದಲ ಗುಂಪು ಸಂಪಾದಕರದು, ಮೇಷ್ಟರದು, ಕರಡು ತಿದ್ದುವವರದು. ಚಿಹ್ನೆ ಓದುಗನಿಗೆ ಸೌಕರ್ಯ, ಅದನ್ನು ಒಂದೇ ರೀತಿ ಬಳಸಿ ಎಂಬುದು ಇವರ ವಾದ. ಮಾತಾಡುವವರು ಬದಲಾದರೆ ಹೊಸ ಪ್ಯಾರಾ ಮಾಡಿ. ತೆರೆದ ಕೋಟನ್ನು ಮುಚ್ಚಲು ಮರೆಯಬೇಡಿ. ಒಬ್ಬನೇ ಹಲವು ಪ್ಯಾರಾ ಮಾತಾಡಿದರೆ ಪ್ರತಿ ಪ್ಯಾರಾದ ಮೊದಲಿಗೆ ಕೋಟ್ ತೆರೆಯಿರಿ, ಕೊನೆಯ ಪ್ಯಾರಾದಲ್ಲಿ ಮಾತ್ರ ಮುಚ್ಚಿ.

ಈ ಕೊನೆಯ ನಿಯಮವನ್ನು ಸ್ವಲ್ಪ ನಿಂತು ನೋಡಬೇಕು. ಇಂಗ್ಲಿಷಿನದೇ ಆದ ಈ ನಿಯಮದಲ್ಲಿ ತೆರೆಯುವ ಗುರುತು ಮತ್ತೆ ಮತ್ತೆ ಬರುತ್ತದೆ. ಮುಚ್ಚುವ ಗುರುತು ಕಾಯುತ್ತ ನಿಲ್ಲುತ್ತದೆ. ಅಂದರೆ ತೆರೆಯುವ ಗುರುತಿನ ಕೆಲಸವೇ ಹೆಚ್ಚಿನದು ಎಂದು ಇಂಗ್ಲಿಷೂ ಒಪ್ಪಿದಂತಾಯಿತು. ಕನ್ನಡದ ಅಗತ್ಯವೂ ಅದೇ. ನಮ್ಮಲ್ಲಿ ಮಾತಿನ ತುದಿಗೆ ಪದವಿದೆ, ತಲೆಗೆ ಇಲ್ಲ. ಮೊದಲು ಕೊಟ್ಟ ರಾಜಪ್ಪನ ವಾಕ್ಯದ ಗೊಂದಲವೂ ಮಾತು ಎಲ್ಲಿಂದ ಶುರು ಎಂಬುದರದು. ಎಲ್ಲಿಗೆ ಮುಗಿಯಿತು ಎಂಬುದು ಅಲ್ಲಿ ಸ್ಪಷ್ಟವಾಗೇ ಇತ್ತು. ಕನ್ನಡದಲ್ಲಿ ಚಿಹ್ನೆಯ ಜೋಡಿಯಲ್ಲಿ ಒಂದಕ್ಕೆ ಮಾತ್ರ ಪೂರ್ತಿ ದುಡಿಮೆಯಿದೆ, ಇನ್ನೊಂದು ಅದಕ್ಕೆ ಜೊತೆಗಾರ. ಈ ಲೇಖನದಲ್ಲಿ ನನ್ನ ಸ್ವಂತ ವಾದ ಏನಾದರೂ ಇದ್ದರೆ ಇದು.

ವಿರಾಮ ಒಳಗೋ ಹೊರಗೋ ಎಂಬ ಪ್ರಶ್ನೆಯಲ್ಲಿ ಈ ಗುಂಪೇ ಒಡೆದಿದೆ. “ಬಾ” ಎಂದ, “ಬಾ,” ಎಂದ, “ಬಾ.” ಎಂದ ಮೂರನ್ನೂ ಒಂದೇ ಪುಸ್ತಕದಲ್ಲಿ ಕಾಣಬಹುದು. ಮೂರನೆಯದನ್ನು ಕೈಬಿಡುವುದು ಮೇಲು, ಯಾಕೆಂದರೆ ಪೂರ್ಣವಿರಾಮ ಬಿದ್ದಮೇಲೂ ವಾಕ್ಯ ನಡೆಯುತ್ತಲೇ ಇದೆ. ಅಲ್ಪವಿರಾಮವೂ ಇಂಗ್ಲಿಷಿನ ಉಡುಗೊರೆ. ‘ಎಂದ’ ಅಂಟಿಕೊಳ್ಳುವ ಜಾಗದಲ್ಲಿ ಕನ್ನಡದ ಉಸಿರು ತಡೆಯುವುದಿಲ್ಲ. ಪ್ರಶ್ನೆ, ಉದ್ಗಾರಗಳು ಮಾತಾಡಿದವರವೇ ಆದ್ದರಿಂದ ಒಳಗೇ ಇರಲಿ: “ಊಟ ಆಯ್ತಾ?” ಎಂದು ಕೇಳಿದಳು.

ಭಾಷೆಯೊಳಗಿನಿಂದ ನೋಡುವವರು

ಎರಡನೇ ಗುಂಪು ವ್ಯಾಕರಣ, ಭಾಷಾವಿಜ್ಞಾನದ ಕಡೆಯಿಂದ ಬರುತ್ತದೆ. ಇವರ ಮೊದಲ ಅಸ್ತ್ರ ಸಂಧಿ. ‘ಬರುತ್ತೇನೆ’ ಮತ್ತು ‘ಎಂದ’ ಸೇರಿದರೆ ‘ಬರುತ್ತೇನೆಂದ’. ‘ಹೋಗು’ ಮತ್ತು ‘ಎಂದ’ ಸೇರಿದರೆ ‘ಹೋಗೆಂದ’. ‘ಬೇಡ’ ಮತ್ತು ‘ಎಂದ’ ಸೇರಿ ‘ಬೇಡವೆಂದ’. ಈಗ ಮುಚ್ಚುವ ಕೋಟನ್ನು ಎಲ್ಲಿಡುತ್ತೀರಿ? ‘ಹೋಗೆಂದ’ದಲ್ಲಿ ಅವನು ಆಡಿದ ‘ಹೋಗು’ವಿನ ಉಕಾರ ಲೋಪವಾಗಿದೆ. ‘ಬೇಡವೆಂದ’ದ ನಡುವಿನ ವಕಾರ ಆಡಿದವನದೂ ಅಲ್ಲ, ಬರೆದವನದೂ ಅಲ್ಲ. ಪರರ ಮಾತು ಮತ್ತು ನಮ್ಮ ಮಾತು ಒಂದೇ ಪದವಾಗಿ ಕರಗುವ ಭಾಷೆಯಲ್ಲಿ ಗೋಡೆ ಕಟ್ಟಲು ನೆಲವೇ ಇಲ್ಲ. ಹೊಸಗನ್ನಡ ಗದ್ಯದಲ್ಲಿ ‘ಎಂದ’ ಬಿಡಿಯಾಗಿ ನಿಂತಿರುವುದಕ್ಕೆ ಬಿಡಿಸಿ ಬರೆಯುವ ರೂಢಿ ಒಂದು ಕಾರಣ, ಚಿಹ್ನೆಯ ಒತ್ತಡ ಇನ್ನೊಂದು ಕಾರಣ ಎಂದು ನನ್ನ ಅಂದಾಜು.

ಎರಡನೇ ಅಸ್ತ್ರ ಇನ್ನೂ ಹರಿತವಾದದ್ದು. ಶಾಲೆಯಲ್ಲಿ ನಾವು ಕಲಿಯುವ ಇಂಗ್ಲಿಷ್ ವ್ಯಾಕರಣದಲ್ಲಿ ಮಾತು ಎರಡೇ ಬಗೆ: ನೇರ, ಪರೋಕ್ಷ. ನೇರಕ್ಕೆ ಕೋಟ್ ಉಂಟು, ಪರೋಕ್ಷಕ್ಕೆ ಇಲ್ಲ. ಪರೋಕ್ಷಕ್ಕೆ ಇಳಿದಾಗ ಸರ್ವನಾಮ, ಕಾಲ, ‘ನಾಳೆ’, ‘ಇಲ್ಲಿ’ ಎಲ್ಲವೂ ಬದಲಾಗಬೇಕು. ಕನ್ನಡದಲ್ಲಿ ಹೀಗೆ ಹೇಳುತ್ತೇವೆ: ಸೀತಮ್ಮ ತಾನು ನಾಳೆ ಬರುತ್ತೇನೆಂದು ಹೇಳಿ ಹೋದಳು. ಇದು ನೇರವೋ ಪರೋಕ್ಷವೋ? ಸೀತಮ್ಮನ ಬಾಯಲ್ಲಿ ಬಂದದ್ದು ‘ನಾನು’. ಅದನ್ನು ‘ತಾನು’ ಮಾಡಿದ್ದು ವರದಿಗಾರ. ಆದರೆ ‘ಬರುತ್ತೇನೆ’ ಎಂಬ ಕ್ರಿಯಾಪದ ಉತ್ತಮ ಪುರುಷದಲ್ಲೇ, ಅವಳ ಬಾಯಿಂದ ಬಂದಹಾಗೇ ಉಳಿದಿದೆ. ‘ನಾಳೆ’ಯೂ ಅವಳದೇ. ಅರ್ಧ ಅವಳ ದನಿ, ಅರ್ಧ ಇವನ ದನಿ. ‘ತಾನು’ವನ್ನು ಕೋಟಿನೊಳಗೆ ಹಾಕಿದರೆ ಅವಳು ಆಡದ ಪದ ಅವಳ ಬಾಯಿಗೆ ಬಂತು, ಹೊರಗಿಟ್ಟರೆ ಕರ್ತೃ ಒಂದು ಕಡೆ, ಕ್ರಿಯೆ ಒಂದು ಕಡೆ. ಈ ಮಧ್ಯದ ಬಗೆ ನಮಗೆ ಅಪರೂಪವೂ ಅಲ್ಲ, ತಪ್ಪೂ ಅಲ್ಲ. ಅಡುಗೆಮನೆಯಿಂದ ಪತ್ರಿಕಾಗೋಷ್ಠಿಯ ವರದಿಯವರೆಗೆ ಎಲ್ಲೆಲ್ಲೂ ಇದೆ. ಕೋಟಿನ ನಿಯಮದಲ್ಲಿ ಅದಕ್ಕೆ ಖಾನೆಯಿಲ್ಲ.

ಇದರ ಪಕ್ಕದಲ್ಲೇ ‘ಅಂತೆ’ ಇದೆ. ‘ನಾಳೆ ಬಸ್ಸಿಲ್ಲವಂತೆ’ ಎಂದರೆ ಯಾರೋ ಹೇಳಿದ್ದು, ಯಾರೆಂದು ಕೇಳಬೇಡಿ, ಜವಾಬ್ದಾರಿ ನನ್ನದಲ್ಲ. ಅದೂ ಪರರ ಮಾತೇ. ಅಂತೆಕಂತೆಗೆ ಕೋಟ್ ಹಾಕಿದವರನ್ನು ನಾನು ಇನ್ನೂ ಕಂಡಿಲ್ಲ.

ಈ ಗುಂಪಿನ ವಾದ ಬಹಳಷ್ಟನ್ನು ವಿವರಿಸುತ್ತದೆ, ಆದರೆ ‘ಚಿಹ್ನೆ ಬೇಡವೇ ಬೇಡ’ ಎಂಬಲ್ಲಿಗೆ ಎಳೆದರೆ ಮುರಿಯುತ್ತದೆ. ಜಪಾನಿ ಭಾಷೆಯಲ್ಲೂ ನಮ್ಮ ‘ಎಂದು’ವಿನಂಥ ‘ತೊ’ ಮಾತಿನ ತುದಿಗೇ ಬರುತ್ತದೆ. ಆದರೂ ಅವರು ಮಾತಿಗೆ ಮೂಲೆಯಾಕಾರದ ಕೊಕ್ಕೆ ಹಾಕಿ, ಅದರ ಹೊರಗೆ ‘ತೊ’ ಬರೆಯುತ್ತಾರೆ. ಪದ ಮತ್ತು ಚಿಹ್ನೆ ಒಟ್ಟಿಗೆ ಬಾಳಬಲ್ಲವು.

ಗೆರೆ ಬೇಡವೆನ್ನುವ ಕಥೆಗಾರರು

ಜೇಮ್ಸ್ ಜಾಯ್ಸನಿಗೆ ಕೋಟ್ ಕಂಡರೆ ಆಗುತ್ತಿರಲಿಲ್ಲ. 1922ರ ‘ಯುಲಿಸಿಸ್’ನಲ್ಲಿ ಮಾತುಗಳು ಉದ್ದಗೆರೆಯಿಂದ ಶುರುವಾಗುತ್ತವೆ, ಮುಚ್ಚುವ ಗುರುತು ಇಲ್ಲ. ಪೋರ್ಚುಗಲ್ಲಿನ ಸರಮಾಗೊ ಅಲ್ಪವಿರಾಮದಲ್ಲೇ ಮಾತಿನಿಂದ ಮಾತಿಗೆ ದಾಟಿಸಿಬಿಡುತ್ತಾನೆ. ಅಮೆರಿಕದ ಕಾರ್ಮ್ಯಾಕ್ ಮೆಕಾರ್ಥಿ, ಐರ್ಲೆಂಡಿನ ಸ್ಯಾಲಿ ರೂನಿ ಕೋಟನ್ನೇ ಕೈಬಿಟ್ಟವರು. ಕಥನ ಮತ್ತು ಮಾತಿನ ನಡುವಿನ ಗೋಡೆ ಕೆಡವಿದರೆ ಎರಡೂ ಒಂದೇ ಮನಸ್ಸಿನಲ್ಲಿ ಹರಿಯುತ್ತವೆ ಎಂಬುದು ಇವರ ನಂಬಿಕೆ.

ಕನ್ನಡದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ, ಇಂಗ್ಲಿಷಿಗಿಂತ ಚೂಪಾದದ್ದು. ನಮ್ಮ ಬಹುಪಾಲು ಕಾದಂಬರಿಗಳಲ್ಲಿ ಕೋಟಿನ ಹೊರಗೆ ಶಿಷ್ಟಭಾಷೆ, ಒಳಗೆ ಊರಮಾತು. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಲ್ಲಿ ಮಲೆನಾಡಿನ ಆಳುಗಳ ಮಾತು ಅವರವರ ನುಡಿಯಲ್ಲೇ ಇದೆ, ನಿರೂಪಕನದು ಗ್ರಾಂಥಿಕ ಗಾಂಭೀರ್ಯ. ಆಗ ಚಿಹ್ನೆ ಬರೀ ಮಾತನ್ನು ಗುರುತಿಸುವುದಿಲ್ಲ. ಎರಡು ಕನ್ನಡಗಳ ನಡುವೆ, ಕೆಲವೊಮ್ಮೆ ಎರಡು ಜಾತಿ, ಎರಡು ವರ್ಗಗಳ ನಡುವೆ ಅದು ಬೇಲಿಯಾಗುತ್ತದೆ. ಒಳಗಿನವರು ಆಡುವವರು, ಹೊರಗಿನವನು ಬರೆಯುವವನು. ಓದುಗರಿಗೆ ಇದರಿಂದ ಲಾಭವೂ ಆಯಿತು. ತಮ್ಮ ಊರಿನ ನುಡಿ ಅಚ್ಚಿನಲ್ಲಿ ಕಂಡ ಎಷ್ಟೋ ಓದುಗರು ಅದನ್ನು ಮೊದಲು ಕಂಡದ್ದು ಕೋಟಿನ ಒಳಗೇ.

ದೇವನೂರ ಮಹಾದೇವ ಅವರ ‘ಕುಸುಮಬಾಲೆ’ 1984ರಲ್ಲಿ ಬಂದಾಗ ಆದ ಆಘಾತ ಇಲ್ಲಿ ಅರ್ಥವಾಗುತ್ತದೆ. ಅಲ್ಲಿ ನಿರೂಪಣೆಯೇ ನಂಜನಗೂಡು ಸೀಮೆಯ ನುಡಿಗೆ ಇಳಿಯಿತು. ಊರಮಾತು ಬೇಲಿ ದಾಟಿ ಹೊರಗೆ ಬಂದಮೇಲೆ ಒಳಗು-ಹೊರಗು ಎಂಬ ಭೇದವೇ ಸಡಿಲ. ಮೊದಲು ಸಿಟ್ಟಿಗೆದ್ದವರೂ ಇದ್ದರು, ಓದಲಾಗಲಿಲ್ಲ ಎಂದವರೂ ಇದ್ದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೋಟ್ ಹಾಕಬೇಕೇ ಬೇಡವೇ ಎಂಬುದು ಕನ್ನಡದಲ್ಲಿ ಸೊಗಸಿನ ಪ್ರಶ್ನೆಯಷ್ಟೇ ಆಗಿ ಉಳಿಯದಿರುವುದಕ್ಕೆ ಈ ಕಾದಂಬರಿಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಕೋಟ್ ತೆಗೆದರೆ ಯಾರ ಮಾತು ಯಾವುದೆಂದು ತಿಳಿಯುವುದು ಹೇಗೆ? ಕನ್ನಡಕ್ಕೆ ಇಲ್ಲೊಂದು ಅನುಕೂಲವಿದೆ. ನಮ್ಮ ಮಾತಿನಲ್ಲಿ ಕೇಳುವವರ ಗುರುತು ಹೆಜ್ಜೆಹೆಜ್ಜೆಗೂ ಇರುತ್ತದೆ. ‘ಕಣೇ’ ಅಂದರೆ ಎದುರಿಗಿರುವವಳು ಹೆಣ್ಣು, ‘ಕಣೋ’ ಅಂದರೆ ಗಂಡು. ‘ರೀ’ ಅಂದರೆ ಗಂಡನೋ ಅಪರಿಚಿತನೋ. ‘ಯಪ್ಪಾ’, ‘ಯವ್ವಾ’ ಅಂದರೆ ಧಾರವಾಡದ ಆಚೀಚೆ, ‘ಮಾರಾಯ’ ಅಂದರೆ ಕರಾವಳಿ ಇಲ್ಲವೇ ಮಲೆನಾಡು. ನೀನು–ನೀವುಗಳ ಹಂತ ಬೇರೆ. ಪಾತ್ರಗಳನ್ನು ಚೆನ್ನಾಗಿ ಆಡಿಸಬಲ್ಲ ಕಥೆಗಾರನಿಗೆ ಇಷ್ಟು ಸಾಕು. ಆಡಿಸಲಾರದವನಿಗೆ ಕೋಟ್ ಇದ್ದೂ ಉಪಯೋಗವಿಲ್ಲ. ಎಲ್ಲ ಪಾತ್ರಗಳೂ ಲೇಖಕನ ಹಾಗೇ ಮಾತಾಡುತ್ತವೆ. ಹೊಸ ಬರಹಗಾರರು ಜಾಯ್ಸನನ್ನು ತೋರಿಸಿ ಕೋಟ್ ಬಿಡುವುದನ್ನು ಕಂಡಾಗ, ಮೊದಲು ಒಂದು ಪುಟ ಸಂಭಾಷಣೆಯನ್ನು ‘ಎಂದ’, ‘ಎಂದಳು’ ಇಲ್ಲದೆ ಬರೆದು ಯಾರಿಂದಲಾದರೂ ಓದಿಸಿ ನೋಡಿ ಎನ್ನಬೇಕೆನಿಸುತ್ತದೆ.

ಮನಸ್ಸಿನೊಳಗಿನ ಮಾತು ಇದೇ ಸಮಸ್ಯೆಯ ಇನ್ನೊಂದು ತುದಿ. ನವ್ಯರ ಕಾಲದಿಂದ, ಶಾಂತಿನಾಥ ದೇಸಾಯಿ, ಯಶವಂತ ಚಿತ್ತಾಲರಂಥವರ ಕಾದಂಬರಿಗಳಿಂದ, ಒಳಮಾತು ಕನ್ನಡದಲ್ಲಿ ವಿಪುಲವಾಗಿ ಬೆಳೆದಿದೆ. ಇದಕ್ಕೆ ಒಂಟಿ ಕೋಟ್ ಹಾಕುವವರಿದ್ದಾರೆ, ಓರೆ ಅಕ್ಷರ ಬಳಸುವವರಿದ್ದಾರೆ, ಏನೂ ಹಾಕದವರಿದ್ದಾರೆ. ಏನೂ ಹಾಕದವರ ಪುಟಗಳೇ ಚೆನ್ನಾಗಿ ಓದಿಸಿಕೊಳ್ಳುತ್ತವೆ. ‘ತಾನು’ ಇರುವಾಗ ಪಾತ್ರದ ಮನಸ್ಸಿನೊಳಕ್ಕೆ ಹೋಗಲು ಪಾಸ್ ಬೇಕಾಗಿಲ್ಲ.

ಸಾಕ್ಷಿಯ ಚಿಹ್ನೆ

ಪತ್ರಕರ್ತರಿಗೂ ಸಂಶೋಧಕರಿಗೂ ಕೋಟ್ ಎಂದರೆ ಬೇರೆಯೇ ವಸ್ತು. ಅದು ಆಣೆ. ಇಷ್ಟು ಪದ ಇದ್ದಹಾಗೇ ಅವರದು, ನಾನು ಕೈಹಾಕಿಲ್ಲ ಎಂಬ ಮಾತು. ಕಥೆಗಾರನ ಕೋಟ್ ನಟನೆಯ ಗುರುತಾದರೆ ಇದು ಹೊಣೆಯ ಗುರುತು. ಮಾನನಷ್ಟದ ಮೊಕದ್ದಮೆಯಲ್ಲಿ, ಜಾತಿನಿಂದನೆಯ ದೂರಿನಲ್ಲಿ ಯಾವ ಪದ ಬಳಸಿದರು ಎಂಬುದೇ ಮುಖ್ಯವಾಗುವಾಗ ‘ಎಂಬರ್ಥದ ಮಾತು’ ಸಾಲದು. ಅಲ್ಲಿ ‘ಎಂದು’ ಒಂದೇ ಕೈಕೊಡುತ್ತದೆ, ಯಾಕೆಂದರೆ ‘ಎಂದು’ ಸಾರಾಂಶಕ್ಕೂ ಸಲ್ಲುತ್ತದೆ, ಅಕ್ಷರಶಃ ಹೇಳಿಕೆಗೂ ಸಲ್ಲುತ್ತದೆ. ಚಿಹ್ನೆಗೆ ಕನ್ನಡದಲ್ಲಿ ಪದದಿಂದ ಆಗದ ಕೆಲಸ ಒಂದಿದ್ದರೆ ಇದೇ.

ಆದರೆ ಆಣೆ ಎಷ್ಟು ನಿಜ? ಕಲಬುರಗಿಯ ರೈತ ಹೇಳಿದ್ದು ‘ಬೆಳಿ ಎಲ್ಲಾ ಹೋಯ್ತ್ರಿ’ ಎಂದು. ಮರುದಿನ ಪತ್ರಿಕೆಯಲ್ಲಿ ಕೋಟಿನೊಳಗೆ ‘ಬೆಳೆ ಸಂಪೂರ್ಣ ನಾಶವಾಗಿದೆ’. ಕಥೆಗಾರ ಊರಮಾತನ್ನು ಕೋಟಿನೊಳಗೆ ಕೂಡಿಹಾಕಿದರೆ, ಪತ್ರಕರ್ತ ಕೋಟಿನೊಳಗಿನಿಂದಲೂ ಅದನ್ನು ಹೊರಹಾಕಿದ. ದೆಹಲಿಯ ನಾಯಕ ಹಿಂದಿಯಲ್ಲಿ ಮಾತಾಡಿದ್ದು ಕೋಟಿನೊಳಗೆ ಶುದ್ಧ ಕನ್ನಡವಾಗಿ ಬರುತ್ತದೆ.

ಇತ್ಯರ್ಥವಾಗದೆ ಉಳಿದವು

ಚರಿತ್ರೆಯ ಪ್ರಶ್ನೆ ಒಂದು ಬಾಕಿಯಿದೆ. ಕನ್ನಡದ ಸಂಭಾಷಣೆಗೆ ಚಿಹ್ನೆ ಯಾವಾಗ, ಯಾರ ಕೈಯಿಂದ ಕಾಯಂ ಆಯಿತು ಎಂಬುದನ್ನು ತೀರ್ಮಾನಿಸಲು 19ನೇ ಶತಮಾನದ ಮೂಲ ಮುದ್ರಣಗಳನ್ನೇ ತೆರೆಯಬೇಕು. ಮರುಮುದ್ರಣ ಸಾಲದು. ಹಳೆಯ ಕೃತಿಗಳ ಈಗಿನ ಪ್ರತಿಗಳಲ್ಲಿ ಕಾಣುವ ಕೋಟುಗಳು ಸಂಪಾದಕರವು. ಪಂಪನಿಗೂ ಅವರು ಧಾರಾಳವಾಗಿ ಹಂಚಿದ್ದಾರೆ. ಅದರಲ್ಲೊಂದು ತೊಂದರೆಯೂ ಇದೆ. ಮಾತು ಎಲ್ಲಿಂದ ಶುರು ಎಂದು ಕವಿ ಹೇಳದೆ ಬಿಟ್ಟ ಕಡೆ ಸಂಪಾದಕ ಹಾಕಿದ ತೆರೆಯುವ ಕೋಟ್ ಒಂದು ವ್ಯಾಖ್ಯಾನ. ಅಚ್ಚಾದಮೇಲೆ ಅದು ಪಠ್ಯವೇ ಆಗಿಬಿಡುತ್ತದೆ.

ತಂತ್ರದ ತೊಡಕುಗಳು ಚಿಲ್ಲರೆಯವು, ಆದರೂ ಕಾಡುತ್ತವೆ. ಮೊಬೈಲಿನ ಕೀಲಿಮಣೆ ನೆಟ್ಟಗಿನ ಗುರುತು ಕೊಡುತ್ತದೆ, ಪುಸ್ತಕಕ್ಕೆ ಬಾಗಿದ ಗುರುತು ಬೇಕು. ಕಂಪ್ಯೂಟರು ತಾನಾಗಿ ಬಾಗಿಸುವಾಗ, ಉದ್ದಗೆರೆಯ ನಂತರ ಬರುವ ತೆರೆಯುವ ಕೋಟನ್ನು ಮುಚ್ಚುವುದು ಎಂದುಕೊಂಡು ತಿರುಗಿಸಿಡುತ್ತದೆ. ಕಥೆಯಲ್ಲಿ ವಾಟ್ಸ್ಆ್ಯಪ್ ಸಂದೇಶ ಬಂದರೆ ಅದು ಮಾತೋ ಪತ್ರವೋ ಎಂಬುದನ್ನು ಪ್ರಕಾಶಕರು ಅವರವರ ಮನೆಯ ಪದ್ಧತಿಯಂತೆ ತೀರ್ಮಾನಿಸುತ್ತಿದ್ದಾರೆ.

ಅನುವಾದಕರ ಕಷ್ಟ ದೊಡ್ಡದು. ‘ತಾನು ಬರುತ್ತೇನೆಂದು’ ಎಂಬುದನ್ನು ಇಂಗ್ಲಿಷಿಗೆ ಒಯ್ಯುವಾಗ ನೇರ ಮಾಡಿದರೆ ನಿರೂಪಕ ಮಾಯವಾಗುತ್ತಾನೆ, ಪರೋಕ್ಷ ಮಾಡಿದರೆ ಪಾತ್ರದ ದನಿ ಆರುತ್ತದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಕೋಟಿನ ಜೊತೆ ‘ಎಂದ’ವನ್ನೂ ಸೇರಿಸಬೇಕೇ ಎಂಬುದರಲ್ಲಿ ಇಬ್ಬರು ಅನುವಾದಕರು ಒಮ್ಮತಕ್ಕೆ ಬಂದದ್ದು ಅಪರೂಪ.

ಇನ್ನು ಕೇಳುವ ಪುಸ್ತಕಗಳು. ಕೋಟ್ ಕಿವಿಗೆ ಕೇಳುವುದಿಲ್ಲ. ಕಣ್ಣಿಗಾಗಿ ಬರೆದ ಕಾದಂಬರಿಯನ್ನು ಮೈಕಿನ ಮುಂದೆ ಓದುವವರು ದನಿ ಬದಲಿಸಿ ಪಾತ್ರ ಆಡಬೇಕು, ಇಲ್ಲವೇ ಪುಸ್ತಕದಲ್ಲಿಲ್ಲದ ‘ಎಂದ’ಗಳನ್ನು ತಾವೇ ಸೇರಿಸಬೇಕು. ಸೇರಿಸುವ ಹಕ್ಕು ಓದುವವರಿಗಿದೆಯೇ, ಲೇಖಕರನ್ನು ಕೇಳಬೇಕೇ ಎಂಬುದಕ್ಕೆ ಸರ್ವರೂ ಒಪ್ಪಿದ ಪದ್ಧತಿ ಇನ್ನೂ ಬಂದಿಲ್ಲ.

ಹಿಂದಿಯಲ್ಲಿ ಆಡಿದ ಮಾತನ್ನು ಕನ್ನಡ ಕೋಟಿನಲ್ಲಿ ಕೊಡುವ ವರದಿಗಾರ ‘ಹಿಂದಿಯಲ್ಲಿ ಹೇಳಿದರು’ ಎಂದು ಎರಡು ಪದ ಸೇರಿಸಬೇಕೆನ್ನುವವರಿದ್ದಾರೆ. ಜಾಗವಿಲ್ಲ, ಓದುಗರಿಗೆ ಗೊತ್ತೇ ಇರುತ್ತದೆ ಎನ್ನುವವರೂ ಇದ್ದಾರೆ. ಕೋಟ್ ತೆಗೆದು ‘ತಾನು... ಎಂದು ಹೇಳಿದರು’ ಎಂಬ ಮಧ್ಯದ ದಾರಿ ಹಿಡಿದರೆ ಎರಡು ಕಡೆಗೂ ಸುಳ್ಳಾಗುವುದಿಲ್ಲ. ಆದರೆ ಅದನ್ನು ನಿಯಮವಾಗಿ ಬರೆದಿಡಬೇಕಾದ ಶಾಲಾ ವ್ಯಾಕರಣದಲ್ಲಿ ಆ ಮಧ್ಯದ ಬಗೆಗೆ ಇನ್ನೂ ಒಂದು ಹೆಸರಿಲ್ಲ.